ಬುತ್ತಿ ಬಸ್ಸು ನಿಲ್ಲಿಸಬೇಕಾ, ಓಡಿಸಬೇಕಾ? ಕಂಪ್ಲಿ–ಕುರುಗೋಡು–ಬಳ್ಳಾರಿ ಕಡೆಯವರು ಹೇಳಿ

ಎರಡು ಗಾಡಿ ಮನೆ:
ನಮಸ್ಕಾರ. ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ. ಕಂಪ್ಲಿ ಹತ್ತಿರದ ಹಳ್ಳಿ ನಮ್ಮದು. ತಾತ ಶುರು ಮಾಡಿದ ಬಸ್ಸು, ಅಪ್ಪ ನಡೆಸಿದರು. ಕಂಪನಿ ಹೆಸರು ಬರೆಯಲ್ಲ, ಆ ಕಡೆಯವರಿಗೆ ಹೇಗೂ ಗೊತ್ತಾಗುತ್ತೆ. ಒಂದು ಕಾಲಕ್ಕೆ ಐದು ಗಾಡಿ ಇದ್ದವು. ಈಗ ಎರಡು. ಒಂದು ರೂಟ್ ಗಾಡಿ, ಕಂಪ್ಲಿಯಿಂದ ಕುರುಗೋಡು ಮೇಲೆ ಬಳ್ಳಾರಿಗೆ, ದಿನಕ್ಕೆ ನಾಲ್ಕು ಸಿಂಗಲ್, ಅಂದರೆ ಎರಡು ಸಲ ಹೋಗಿ ಎರಡು ಸಲ ಬರೋದು. ಇನ್ನೊಂದು ಮದುವೆ ಗಾಡಿ. ಅಪ್ಪ ತೀರಿಕೊಂಡು ಹದಿನೆಂಟು ದಿನ ಆಯ್ತು. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ರಜೆ ಹಾಕಿ ಬಂದಿದ್ದೇನೆ. ಚಿಕ್ಕಪ್ಪ "ಎರಡೂ ಮಾರಿಬಿಡೋಣ, ಗಾಡಿ ಸಾಕೋದು ಆನೆ ಸಾಕಿದಂಗೆ" ಅಂತ ದಿನಾ ಹೇಳುತ್ತಿದ್ದಾರೆ. ಅಮ್ಮ ಏನೂ ಹೇಳುತ್ತಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಡ್ರೈವರ್‌ಗೆ ಚಹಾ ಮಾಡಿ ಇಡುತ್ತಾರೆ, ಅಷ್ಟೇ.

ಲೆಕ್ಕ ಹೇಳಿಬಿಡುತ್ತೇನೆ. ದಿನಕ್ಕೆ ಇನ್ನೂರಹತ್ತು ಕಿಲೋಮೀಟರ್ ಓಡುತ್ತೆ. ಲೀಟರಿಗೆ ನಾಲ್ಕೂವರೆ ಕೊಡುತ್ತೆ, ಅಂದರೆ ಡೀಸೆಲ್‌ಗೇ ನಾಲ್ಕು ಸಾವಿರದ ಇನ್ನೂರು. ಡ್ರೈವರ್, ಕಂಡಕ್ಟರ್, ಕ್ಲೀನರ್ ಮೂವರಿಗೆ ಸೇರಿ ಎರಡು ಸಾವಿರ. ಏಜೆಂಟು, ಸ್ಟ್ಯಾಂಡು, ಚಹಾ ಅಂತ ಇನ್ನೂರೈವತ್ತು. ಟ್ಯಾಕ್ಸು, ಇನ್ಶೂರೆನ್ಸು, ಟೈರು, ಕ್ಲಚ್ಚು ಇದಕ್ಕೆಲ್ಲ ದಿನಕ್ಕೆ ಒಂದೂವರೆ ಸಾವಿರ ತೆಗೆದಿಡದಿದ್ದರೆ ಗಾಡಿ ಫಿಟ್ ಅಂತ ಸರ್ಟಿಫಿಕೇಟ್ ಮಾಡಿಸೋ ಎಫ್‌ಸಿ ಬಂದಾಗ ಸಾಲ ಮಾಡಬೇಕು. ಎಂಟು ಸಾವಿರ ಆಯ್ತಲ್ಲ. ಮೊದಲು ಕಲೆಕ್ಷನ್ ಹತ್ತು ದಾಟುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆಯ್ತಲ್ಲ, ಅವತ್ತಿಂದ ಆರೂವರೆ, ಏಳು. ಮದುವೆ ಗಾಡಿ ದುಡಿದದ್ದನ್ನು ರೂಟ್ ಗಾಡಿ ತಿನ್ನುತ್ತೆ. ನಿಲ್ಲಿಸಲಾ?

ಜೀನ್ಸ್ ಊರು:
ಮೊದಲು ಅಪ್ಪಾಜಿಗೆ ಶಾಂತಿ ಸಿಗಲಿ. ಆಮೇಲೆ, ಲೆಕ್ಕ ನೀವೇ ಹಾಕಿದ್ದೀರಿ. ದಿನಕ್ಕೆ ಸಾವಿರ ರೂಪಾಯಿ ಕಳಕೊಳ್ಳೋದು ವ್ಯಾಪಾರ ಅಲ್ಲ, ಹರಕೆ. ನಿಮ್ಮ ಚಿಕ್ಕಪ್ಪ ಸರಿಯಾಗೇ ಹೇಳುತ್ತಿದ್ದಾರೆ.

ಎಮ್ಮಿಗನೂರು ಅಕ್ಕ:
ಏ ತಮ್ಮಾ, ಇದು ಆರೂ ಹತ್ತರ ಬಸ್ಸಾ? ಬಾನೆಟ್ ಪಕ್ಕ ಊಟದ ಕ್ಯಾರಿಯರ್ ಸಾಲಾಗಿ ಇಡುತ್ತಿದ್ದರಲ್ಲ, ಅದೇನಾ? ಹೌದು ಅಂದರೆ ಹೇಳು, ನಂದೊಂದು ಕಥೆ ಇದೆ.

ಎರಡು ಗಾಡಿ ಮನೆ:
ಅದೇ ಅಕ್ಕಾ. ಬುತ್ತಿ ಬಸ್ಸು ಅಂತಲೇ ಕರೆಯುತ್ತಾರೆ. ಗೊತ್ತಿಲ್ಲದವರಿಗೆ: ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಊರಿಂದ ಊಟ ಕಳಿಸುತ್ತಾರೆ. ರೊಟ್ಟಿ, ಪಲ್ಯ, ಚಟ್ನಿಪುಡಿ, ಸೋಮವಾರ ಆದರೆ ಹೋಳಿಗೆ ಇದ್ದರೂ ಇರಬಹುದು. ಅಮ್ಮಂದಿರು ಸ್ಟಾಪಿನಲ್ಲಿ ನಿಂತು ಕ್ಲೀನರ್ ಕೈಗೆ ಕೊಟ್ಟುಬಿಡುತ್ತಾರೆ. ಬಸ್ಸು ಪೂರ್ತಿ ನಿಲ್ಲೋದೂ ಇಲ್ಲ, ಸ್ವಲ್ಪ ನಿಧಾನ ಆಗುತ್ತೆ ಅಷ್ಟೇ. ಇಂಜಿನ್ ಬಾನೆಟ್ ಪಕ್ಕ ಬಿಸಿ ಇರುತ್ತಲ್ಲ, ಅಲ್ಲಿ ಇಟ್ಟರೆ ಬಳ್ಳಾರಿ ಮುಟ್ಟೋವರೆಗೂ ಅನ್ನ ಆರಲ್ಲ. ಯಾರದು ಯಾವುದು ಅಂತ ತಿಳಿಯೋಕೆ ಹಿಡಿಕೆಗೆ ನೇಲ್ ಪಾಲಿಶ್ ಬಳಿದಿರುತ್ತಾರೆ. ಒಬ್ಬರದ್ದು ಕೆಂಪು ಚುಕ್ಕಿ, ಒಬ್ಬರದ್ದು ಎರಡು ಗೆರೆ, ಒಬ್ಬರು ಹಳೇ ಸೀರೆ ಅಂಚು ಕಟ್ಟಿರುತ್ತಾರೆ. ಸಂಜೆ ಬಸ್ಸಿಗೆ ಖಾಲಿ ಕ್ಯಾರಿಯರ್ ವಾಪಸ್. ತುಂಗಭದ್ರಾ ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿದ ದಿನ ಮಾತ್ರ ಗಂಗಾವತಿ ಕಡೆಯ ಬುತ್ತಿ ಬರಲ್ಲ. ಅವತ್ತೂ ಕೆಲವರು ಕಡೆಬಾಗಿಲು–ಬುಕ್ಕಸಾಗರ ಸೇತುವೆ ಸುತ್ತಿ ಬೈಕಲ್ಲಿ ತಂದುಕೊಟ್ಟದ್ದುಂಟು.

ಇದಕ್ಕೆ ಅಪ್ಪ ಯಾವತ್ತೂ ದುಡ್ಡು ತಗೊಳ್ಳಲಿಲ್ಲ. "ಅನ್ನಕ್ಕೆ ಟಿಕೆಟ್ ಹರಿಯಬಾರದು" ಅನ್ನುತ್ತಿದ್ದರು. ಕ್ಲೀನರ್‌ಗೆ ಯಾರಾದರೂ ಹತ್ತಿಪ್ಪತ್ತು ಕೊಟ್ಟರೆ ಕೊಟ್ಟರು.

ಡಿಪೋ ಮನುಷ್ಯ:
ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ನಿಮ್ಮ ಗಾಡಿ ಹಿಂದೆನೇ ಎಷ್ಟೋ ವರ್ಷ ಓಡಿದ್ದೇನೆ, ಅಂದರೆ ನಿಮ್ಮವರು ಬೇಕಂತ ಐದು ನಿಮಿಷ ಮುಂದೆ ಹೋಗಿ ನಮ್ಮ ಜನ ಎತ್ತುತ್ತಿದ್ದರು, ಅದನ್ನೂ ಹೇಳಿಬಿಡುತ್ತೇನೆ. ಟೈಮಿಂಗ್ ಜಗಳಕ್ಕೆ ನಾನೇ ಎರಡು ಸಲ ನಿಮ್ಮ ಕಂಡಕ್ಟರ್ ಜೊತೆ ಬಾಯಿ ಮಾಡಿದ್ದೇನೆ. ಆದರೆ ಎಲ್ಲರೂ ಶಕ್ತಿ ಮೇಲೆ ಗೂಬೆ ಕೂರಿಸೋದು ನೋಡಿ ಬರೆಯಬೇಕು ಅನ್ನಿಸಿತು. ನಮ್ಮ ಕಷ್ಟ ಯಾರೂ ಕೇಳಲ್ಲ. ಐವತ್ತು ಸೀಟಿನ ಗಾಡಿಯಲ್ಲಿ ನೂರು ಜನ. ಪ್ರತಿಯೊಬ್ಬ ಹೆಂಗಸಿಗೂ ಸೊನ್ನೆ ಟಿಕೆಟ್ ಹರಿಯಲೇಬೇಕು, ಹರಿಯದಿದ್ದರೆ ಚೆಕಿಂಗ್‌ನವರು ನಮ್ಮನ್ನು ಹಿಡಿಯುತ್ತಾರೆ. ಆಧಾರ್ ತೋರಿಸಮ್ಮ ಅಂದರೆ ಬೈಗುಳ. 2025ರ ಜನವರಿಯಲ್ಲಿ ನಮ್ಮ ದರ ನೂರಕ್ಕೆ ಹದಿನೈದು ಏರಿತು, ಗಂಡಸರು ಅದನ್ನೂ ನಮಗೇ ಬೈದರು.

ಜೀನ್ಸ್ ಊರು:
ಗೂಬೆ ಕೂರಿಸದೆ ಏನು ಮಾಡೋದು ಅಣ್ಣಾ? ಸರ್ಕಾರಿ ನಿಗಮಕ್ಕೆ ಸರ್ಕಾರ ದುಡ್ಡು ತುಂಬಿಕೊಡುತ್ತೆ. ಪ್ರೈವೇಟ್‌ನವನಿಗೆ ಯಾರು ಕೊಡುತ್ತಾರೆ? 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ಪ್ರೈವೇಟ್‌ನವರು ಬಂದ್ ಮಾಡಿದರು. ನಮ್ಮ ಹಳ್ಳಿ ಬಸ್ಸಿನವರ ಗೋಳು ಅದರಲ್ಲಿ ಎಲ್ಲೋ ಮುಳುಗಿಹೋಯ್ತು.

ಎಮ್ಮಿಗನೂರು ಅಕ್ಕ:
ಸ್ವಲ್ಪ ತಡೀರಿ. ಫ್ರೀ ಬಸ್ಸಿಗೆ ಬೈಯುವವರು ಒಂದು ಸಲ ನಮ್ಮಮ್ಮನ್ನ ಕೇಳಿ. ಮೊಣಕಾಲು ನೋವಿಗೆ ಬಳ್ಳಾರಿ ದೊಡ್ಡಾಸ್ಪತ್ರೆ ವಿಮ್ಸ್‌ಗೆ ತೋರಿಸಿಕೋ ಅಂದರೆ "ಹೋಗಿ ಬರೋಕೆ ನೂರಾರು ರೂಪಾಯಿ" ಅಂತ ನಾಲ್ಕು ವರ್ಷ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಈಗ ತಾವೇ ಹೋಗಿ ಬರುತ್ತಾರೆ, ಯಾರ ಹತ್ತಿರವೂ ಕೈ ಚಾಚಲ್ಲ. ಮೆಣಸಿನಕಾಯಿ ಬಿಡಿಸೋಕೆ ಹೋಗುವ ಹೆಂಗಸರಿಗೆ, ಜೀನ್ಸ್ ಹೊಲಿಯೋಕೆ ಹೋಗುವ ಹುಡುಗಿಯರಿಗೆ ಆ ಟಿಕೆಟ್ ದುಡ್ಡು ಅಂದರೆ ಒಂದು ಹೊತ್ತಿನ ಕಾಯಿಪಲ್ಯ. ನನಗೆ ಆ ಬಸ್ಸೂ ಬೇಕು, ಈ ಬಸ್ಸೂ ಬೇಕು.

ನನ್ನ ಕಥೆ ಹೇಳಿಬಿಡುತ್ತೇನೆ. ಬಿಎಸ್ಸಿ ಮೂರು ವರ್ಷ ನಿಮ್ಮ ಬಸ್ಸಿನ ಬುತ್ತಿ ತಿಂದವಳು ನಾನು. ಒಂದು ದಿನ ಕ್ಯಾರಿಯರ್ ಮೇಲಿನ ಡಬ್ಬಿಯಲ್ಲಿ ಚೀಟಿ ಇತ್ತು, "ತಾತ ಹೋದರು, ಸಂಜೆ ಬಸ್ಸಿಗೆ ಬಾ". ಮನೆಯಲ್ಲಿ ಫೋನ್ ಇರಲಿಲ್ಲ. ನಾನು ಬಸ್ ಸ್ಟ್ಯಾಂಡಲ್ಲೇ ಅಳುತ್ತಾ ನಿಂತಿದ್ದೆ, ನಿಮ್ಮಪ್ಪನೇ ಇರಬೇಕು, ಬಿಳಿ ಅಂಗಿ, ಕಿವಿ ಮೇಲೆ ಪೆನ್ನು ಸಿಕ್ಕಿಸಿಕೊಂಡವರು, "ಸಂಜೆ ತನಕ ಯಾಕಮ್ಮ, ಈಗ ಹೊರಡುತ್ತೆ ಹತ್ತು" ಅಂತ ಮುಂದಿನ ಸೀಟಲ್ಲಿ ಕೂರಿಸಿದರು. ಊರ ಸ್ಟಾಪಿನಲ್ಲಲ್ಲ, ನಮ್ಮ ಓಣಿ ಬಾಯಿಗೇ ಇಳಿಸಿದರು. ಟಿಕೆಟ್ ಕೇಳಲಿಲ್ಲ.

ಎರಡು ಗಾಡಿ ಮನೆ:
ಕಿವಿ ಮೇಲೆ ಪೆನ್ನು ಅಂದರೆ ಅಪ್ಪನೇ. ಆ ಪೆನ್ನು ಈಗಲೂ ಟಿಕೆಟ್ ಲೆಕ್ಕದ ವೇಬಿಲ್ ಪುಸ್ತಕದಲ್ಲೇ ಇದೆ.

ಹಳೇ ಪ್ಯಾಸೆಂಜರ್:
ಚರ್ಚೆ ಚೆನ್ನಾಗಿದೆ, ಸ್ವಲ್ಪ ಹಳೇ ವಿಷಯ ಸೇರಿಸುತ್ತೇನೆ, ವಯಸ್ಸಾದವರಿಗೆ ಅಷ್ಟೇ ತಾನೇ ಕೆಲಸ. ಹೊಳೆ ಆಚೆ ಗಂಗಾವತಿ, ಕೊಪ್ಪಳ, ರಾಯಚೂರು ಕಡೆ ಇಂಥ ಮನೆತನದ ರೂಟ್ ಬಸ್ಸು ಅಪರೂಪ, ಈಚೆ ಬಳ್ಳಾರಿ, ಹರಪನಹಳ್ಳಿ ಕಡೆ ಜಾಸ್ತಿ. ಯಾಕೆ ಅಂತ ಯೋಚಿಸಿದ್ದೀರಾ? ಆಚೆ ಕಡೆ ನಿಜಾಮರದ್ದು. ಅವರು 1932ರಲ್ಲೇ ರೈಲು ಇಲಾಖೆ ಕೈಯಲ್ಲಿ 27 ಬಸ್ಸು ಇಟ್ಟು ಸರ್ಕಾರಿ ಸಾರಿಗೆ ಶುರು ಮಾಡಿದ್ದರು. ಈಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಮದ್ರಾಸ್ ಕಡೆ ಬಸ್ಸು ಅಂದರೆ ಖಾಸಗಿಯವರದ್ದೇ ದರ್ಬಾರು. ಅದರ ಬೇರು ಇನ್ನೂ ಉಳಿದಿದೆ ಅಂತ ನನ್ನ ಲೆಕ್ಕ. ಮೈಸೂರು ಸರ್ಕಾರ ತನ್ನ ಬಸ್ಸು ಶುರು ಮಾಡಿದ್ದು 1948ರಲ್ಲಿ, 120 ಗಾಡಿಯಿಂದ.

ಇನ್ನೊಂದು. 1976ರ ಜನವರಿ ಕೊನೆಯಲ್ಲಿ ಎಮರ್ಜೆನ್ಸಿ ಹೊತ್ತಲ್ಲಿ ಸುಗ್ರೀವಾಜ್ಞೆ ಬಂತು. ಕಾಂಟ್ರಾಕ್ಟ್ ಕ್ಯಾರೇಜ್, ಅಂದರೆ ಇಡೀ ಗಾಡಿ ಬಾಡಿಗೆಗೆ ಬಿಡುವ ಬಸ್ಸುಗಳನ್ನೆಲ್ಲ ಸರ್ಕಾರ ವಶಕ್ಕೆ ತಗೊಂಡಿತು. ನಮ್ಮ ಮಾವನವರ ಟೂರಿಸ್ಟ್ ಗಾಡಿ ಹಾಗೇ ಹೋಯ್ತು. ಮಾಲೀಕರು ಕೋರ್ಟಿಗೆ ಹೋದರು, 1977ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆ ಸರಿ ಅಂತು. ಆ ಕಾಯ್ದೆ ರದ್ದಾಗಿದ್ದು 2003ರಲ್ಲಿ. ಮಾವ ಅದನ್ನು ನೋಡೋಕೆ ಇರಲಿಲ್ಲ. ಈ ಧಂದೆಯಲ್ಲಿ ಡೀಸೆಲ್‌ಗಿಂತ ಕಾಗದಕ್ಕೆ ಹೆದರಬೇಕು ಅಂತ ಅವರು ಹೇಳುತ್ತಿದ್ದರು.

ಪರ್ಮಿಟ್ ಗುರು:
ಕಾಗದದ ಮಾತು ಬಂತಲ್ಲ, ಅದಕ್ಕೇ ಕಾಯುತ್ತಿದ್ದೆ. ಮಾರೋದಾ ಓಡಿಸೋದಾ ಅಂತ ಎಲ್ಲರೂ ಮಾತಾಡುತ್ತಿದ್ದೀರಿ, ಪರ್ಮಿಟ್ ಯಾರ ಹೆಸರಲ್ಲಿದೆ ಅಂತ ಒಬ್ಬರೂ ಕೇಳಲಿಲ್ಲ. ತಮ್ಮಾ, ಪರ್ಮಿಟ್ ಅಪ್ಪಾಜಿ ಹೆಸರಲ್ಲೇ ಇದೆಯಾ?

ಎರಡು ಗಾಡಿ ಮನೆ:
ಹೌದು. ಆರ್‌ಸಿ ಎರಡೂ ಅಪ್ಪನ ಹೆಸರಲ್ಲೇ. ಪರ್ಮಿಟ್ ಕೂಡ. ರಿನ್ಯೂವಲ್ ಆಗಿ ಎರಡು ವರ್ಷ ಆಗಿದೆ.

ಪರ್ಮಿಟ್ ಗುರು:
ಹಾಗಾದರೆ ಇವತ್ತೇ ಎದ್ದು ಓಡು. 1988ರ ಮೋಟಾರು ವಾಹನ ಕಾಯ್ದೆ 82ನೇ ಸೆಕ್ಷನ್ ನೋಡು. ಪರ್ಮಿಟ್‌ದಾರ ತೀರಿಕೊಂಡರೆ ಗಾಡಿ ಯಾರ ಕೈಗೆ ಬಂತೋ ಅವರು ಮೂರು ತಿಂಗಳ ತನಕ ಅದೇ ಪರ್ಮಿಟ್ ಮೇಲೆ ಓಡಿಸಬಹುದು. ಆದರೆ ತೀರಿಕೊಂಡ 30 ದಿನದೊಳಗೆ "ಹಿಂಗಾಗಿದೆ, ನಾವು ಗಾಡಿ ಓಡಿಸುತ್ತೇವೆ" ಅಂತ ಸಾರಿಗೆ ಪ್ರಾಧಿಕಾರಕ್ಕೆ ಬರೆದು ಕೊಟ್ಟಿರಬೇಕು. ಆಮೇಲೆ ಮೂರು ತಿಂಗಳ ಒಳಗೆ ಹೆಸರು ಬದಲಾವಣೆಗೆ ಅರ್ಜಿ. ಆರ್‌ಸಿಗೂ ಹೆಚ್ಚುಕಡಿಮೆ ಇದೇ ಲೆಕ್ಕ, ಅದಕ್ಕೆ ಫಾರ್ಮ್ 31. ನಿನಗೆ ಹದಿನೆಂಟು ದಿನ ಆಗಿದೆ ಅಂದಿದ್ದೀಯ. ಹನ್ನೆರಡು ದಿನ ಉಳಿದಿದೆ. ಮರಣ ಪತ್ರ, ವಾರಸುದಾರರ ಪತ್ರ, ಉಳಿದವರ ಒಪ್ಪಿಗೆ ಎಲ್ಲ ಒಟ್ಟಿಗೆ ಸಿಗಲ್ಲ, ಗೊತ್ತು. ಮೊದಲು ತಿಳಿಸುವ ಕಾಗದ ಕೊಟ್ಟು ಸೀಲ್ ಹಾಕಿಸಿಕೋ, ಉಳಿದದ್ದು ಹಿಂದಿನಿಂದ ಕೊಡು. ಇನ್ಶೂರೆನ್ಸ್‌ನವರಿಗೂ ಒಂದು ಕಾಗದ ಹಾಕು.

ಎಷ್ಟು ಮನೆ ನೋಡಿದ್ದೇನೆ ನಾನು. ತಿಥಿ, ಗಲಾಟೆ, ಪಾಲು ಅಂತ ಆರು ತಿಂಗಳು ಕಳೆಯುತ್ತಾರೆ. ಆಮೇಲೆ ಚೆಕಿಂಗ್‌ನಲ್ಲಿ ಗಾಡಿ ಸಿಕ್ಕಿಬಿದ್ದಾಗ ಸತ್ತವರ ಹೆಸರಿನ ಪರ್ಮಿಟ್ ತೋರಿಸುತ್ತಾರೆ.

ಮತ್ತೆ ಮಾರೋದಿದ್ದರೂ ಇದೇ ದಾರಿ. ರೂಟ್ ಪರ್ಮಿಟ್ ಇಲ್ಲದಿದ್ದರೆ ನಿಮ್ಮ ಗಾಡಿಗೆ ಗುಜರಿ ಬೆಲೆ. ಪರ್ಮಿಟ್ ಬೇರೆಯವರಿಗೆ ಹೋಗಬೇಕಾದರೂ ಪ್ರಾಧಿಕಾರದ ಅನುಮತಿ ಬೇಕು, ಸುಮ್ನೆ ಬಾಂಡ್ ಪೇಪರ್ ಮೇಲೆ ಬರೆದುಕೊಂಡರೆ ನಡೆಯಲ್ಲ. ಚಿಕ್ಕಪ್ಪನಿಗೆ ಇದನ್ನು ಹೇಳು, ಮಾರೋಕಾದರೂ ಸಹಿ ಹಾಕುತ್ತಾರೆ.

ಎರಡು ಗಾಡಿ ಮನೆ:
ಅಣ್ಣಾ, ಇದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ನಾಳೆ ಬೆಳಗ್ಗೆ ನಮ್ಮದೇ ಬಸ್ಸಿಗೆ ಬಳ್ಳಾರಿಗೆ ಹೋಗುತ್ತೇನೆ.

ಸ್ಪಾನರ್ 14:
ಗಾಡಿ ಯಾವ ಮಾಡೆಲ್ ಬ್ರದರ್? ಕೈ ಬಿಡೋ ಮುಂಚೆ ಗಾಡಿ ನೋಡಿ.

ಎರಡು ಗಾಡಿ ಮನೆ:
ರೂಟ್ ಗಾಡಿ 2013, ಲೇಲ್ಯಾಂಡ್ ಚಾಸಿ, ಬಾಡಿ ಕಟ್ಟಿಸಿದ್ದು. ಮದುವೆ ಗಾಡಿ 2018.

ಸ್ಪಾನರ್ 14:
2013ರ ಗಾಡಿ ಅಂದರೆ ಚಿನ್ನ. ಸೆನ್ಸರ್ ಕಾಟ ಕಡಿಮೆ, ರೋಡಲ್ಲೇ ನಿಂತರೂ ಸ್ಪಾನರ್ ಇದ್ದರೆ ಊರಿಗೆ ಮುಟ್ಟಿಸಬಹುದು. 2020ರ ಏಪ್ರಿಲ್‌ನಿಂದ ಬಂದ ಹೊಗೆಯ ಹೊಸ ನಿಯಮದ ಬಿಎಸ್6 ಗಾಡಿಗೆ ಡೀಸೆಲ್ ಜೊತೆ ಯೂರಿಯಾ ನೀರು ಬೇರೆ ಹಾಕಬೇಕು. ಒಂದು ಸೆನ್ಸರ್ ಹೋದರೆ ಲ್ಯಾಪ್‌ಟಾಪ್ ಹಿಡಿದುಕೊಂಡು ಕಂಪನಿ ಹುಡುಗ ಬರೋವರೆಗೂ ಕಾಯಬೇಕು. ಆದರೆ ಗಾಡಿ ಹಳೆಯದಾದಷ್ಟೂ ಎಫ್‌ಸಿ ಫೀಸು ಏರುತ್ತೆ, ಅದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ನಾಲ್ಕೂವರೆ ಮೈಲೇಜ್ ಕಡಿಮೆ ಆಯ್ತು. ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ, ಬ್ರೇಕ್ ಬೈಂಡಿಂಗ್, ಅಂದರೆ ಬ್ರೇಕ್ ಬಿಟ್ಟರೂ ಚಕ್ರ ಹಿಡಿದುಕೊಂಡೇ ಇರೋದು, ಇದೆಯಾ ನೋಡಿಸಿ. ಟ್ರಿಪ್ ಮುಗಿದ ಕೂಡಲೇ ವೀಲ್ ಹಬ್ ಹತ್ತಿರ ಕೈ ತನ್ನಿ, ಒಂದೇ ಚಕ್ರ ಕಾದಿದ್ದರೆ ಡೀಸೆಲ್ ಅಲ್ಲೇ ಸುಡುತ್ತಿದೆ. ಐದಕ್ಕೆ ಏರಿದರೆ ದಿನಕ್ಕೆ ನಾನ್ನೂರು ರೂಪಾಯಿ ಉಳಿತು.

ಜೀನ್ಸ್ ಊರು:
ನಾನ್ನೂರು ಉಳಿದರೂ ಇನ್ನೂ ಆರು ನೂರು ಲಾಸ್. ರೂಟ್ ಬಿಟ್ಟು ಕೆಲಸಗಾರರನ್ನು ಕರಕೊಂಡು ಹೋಗೋಕೆ ತೋರಣಗಲ್ಲು ಕಾರ್ಖಾನೆ ಶಿಫ್ಟ್‌ಗೆ ಗಾಡಿ ಬಿಡಿ. ತಿಂಗಳಿಗಿಷ್ಟು ಅಂತ ಬರುತ್ತೆ, ಟಿಕೆಟ್ ಕೂಗೋದು ಬೇಡ, ಬಾಗಿಲಲ್ಲಿ ಜೋತು ಬೀಳೋದು ಬೇಡ.

ಪರ್ಮಿಟ್ ಗುರು:
ರೂಟ್ ಗಾಡಿ ಹಾಗೆಲ್ಲ ಬಿಡೋಕೆ ಬರಲ್ಲ. ದಾರಿಯಲ್ಲಿ ಟಿಕೆಟ್ ಹರಿದು ಜನ ಹತ್ತಿಸೋ ಸ್ಟೇಜ್ ಕ್ಯಾರೇಜ್ ಬೇರೆ, ಕಾಂಟ್ರಾಕ್ಟ್ ಕ್ಯಾರೇಜ್ ಬೇರೆ. ಮದುವೆ ಗಾಡಿಯನ್ನು ಶಿಫ್ಟ್‌ಗೆ ಬಿಡಬಹುದು, ಅದು ಒಳ್ಳೆ ಯೋಚನೆ, ಆಷಾಢ, ಶೂನ್ಯಮಾಸದಲ್ಲಿ ಸುಮ್ನೆ ನಿಂತು ಟ್ಯಾಕ್ಸ್ ಕಟ್ಟೋದು ತಪ್ಪುತ್ತೆ. ಆದರೆ ಆ ಗಾಡಿ ದಾರಿಯಲ್ಲಿ ಬಿಡಿ ಪ್ಯಾಸೆಂಜರ್ ಹತ್ತಿಸಿ ಇಳಿಸಬಾರದು. ಸಿಕ್ಕಿಬಿದ್ದರೆ ದಂಡ. ಮತ್ತೆ ಯಾವುದಾದರೂ ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಿದ್ದರೆ ಮೊದಲೇ ಆರ್‌ಟಿಓಗೆ ದಾಖಲೆ ಒಪ್ಪಿಸಿ ನಿಲ್ಲಿಸಿ. ನಿಲ್ಲಿಸಿ ಆಮೇಲೆ ಹೇಳಿದರೆ ಟ್ಯಾಕ್ಸ್ ಬಿಡಲ್ಲ.

ಡಿಪೋ ಮನುಷ್ಯ:
ಐದು ಗಾಡಿ ಎರಡಾಗಿದ್ದು ಹೇಗೆ ಅಂತ ಹೇಳಲೇ ಇಲ್ಲ ನೀವು. ಅದು ಶಕ್ತಿಯಿಂದ ಆಗಿದ್ದಲ್ಲ ಅಲ್ವಾ?

ಎರಡು ಗಾಡಿ ಮನೆ:
ಸರಿಯಾದ ಕಡೆ ಚುಚ್ಚಿದಿರಿ. ಅಲ್ಲ. ಗಣಿ ಧೂಳು ಎದ್ದ ಕಾಲ ಅದು. ಅದಿರು ಲಾರಿಗೆ ಡ್ರೈವರ್‌ಗಳು ಎರಡು ಪಟ್ಟು ಸಂಬಳಕ್ಕೆ ಹೋಗಿಬಿಟ್ಟರು, ನಮ್ಮಲ್ಲಿ ಸ್ಟೇರಿಂಗ್ ಹಿಡಿಯೋಕೆ ಜನ ಇಲ್ಲ. ಚಿಕ್ಕಪ್ಪ ಎರಡು ಬಸ್ಸು ಮಾರಿಸಿ ಟಿಪ್ಪರ್ ತಗೊಂಡರು. ಎರಡು ವರ್ಷ ದುಡ್ಡು ನೋಡಿದೆವು, ಸುಳ್ಳು ಯಾಕೆ ಹೇಳಲಿ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರ್‌ಗಳು ಮನೆ ಮುಂದೆ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಆ ಕಂತು ತೀರಿಸೋಕೆ ಮೂರನೇ ಬಸ್ಸು ಹೋಯ್ತು. ಅಪ್ಪ ಚಿಕ್ಕಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಚಿಕ್ಕಪ್ಪ ಈಗ ಮಾರೋಣ ಅನ್ನೋದಕ್ಕೂ ಅದೇ ಕಾರಣ ಇರಬೇಕು, ಮತ್ತೊಂದು ಸಲ ಸಾಲಗಾರರು ಮನೆ ಬಾಗಿಲಿಗೆ ಬರೋದು ಅವರಿಗೆ ಬೇಡ. ಅವರನ್ನು ಕೆಟ್ಟವರು ಅಂದುಕೊಳ್ಳಬೇಡಿ.

ಎಮ್ಮಿಗನೂರು ಅಕ್ಕ:
ತಮ್ಮಾ, ಬುತ್ತಿಗೆ ದುಡ್ಡು ತಗೋ.

ಹೌದು, ಅಪ್ಪ ತಗೊಳ್ಳಲಿಲ್ಲ, ಗೊತ್ತು. ಅವರ ಕಾಲಕ್ಕೆ ಸೀಟು ತುಂಬುತ್ತಿತ್ತು, ಅನ್ನ ಫ್ರೀ ಹೋದರೂ ನಡೆಯುತ್ತಿತ್ತು. ಈಗ ನನ್ನ ಅಕ್ಕನ ಮಗ ಬಳ್ಳಾರಿಯಲ್ಲಿ ಓದುತ್ತಿದ್ದಾನೆ. ಹೊರಗಡೆ ಮೆಸ್ಸಿಗೆ ತಿಂಗಳಿಗೆ ಮೂರು ಸಾವಿರ ಕೇಳುತ್ತಾರೆ. ತಿಂಗಳಿಗೆ ಮುನ್ನೂರು ಕೊಡು ಅಂದರೆ ಅಕ್ಕ ಕಣ್ಣಿಗೆ ಒತ್ತಿಕೊಂಡು ಕೊಡುತ್ತಾಳೆ. ಈಗ ದಿನಕ್ಕೆ ಎಷ್ಟು ಕ್ಯಾರಿಯರ್ ಬರುತ್ತೆ?

ಎರಡು ಗಾಡಿ ಮನೆ:
ಎಣಿಸಿಲ್ಲ ಅಕ್ಕಾ. ನಾಳೆ ಎಣಿಸುತ್ತೇನೆ.

ಡಿಪೋ ಮನುಷ್ಯ:
ನಮ್ಮ ಗಾಡಿಗೆ ಕ್ಯಾರಿಯರ್ ತಂದರೆ ನಾವು ಬೇಡ ಅನ್ನುತ್ತೇವೆ. ಕಾಲಿಡೋಕೆ ಜಾಗ ಇಲ್ಲ, ಎಲ್ಲಿ ಇಡೋದು? ಕಳೆದರೆ ನಮ್ಮ ತಲೆಗೆ. ಹಾಗಾಗಿ ಆ ವ್ಯಾಪಾರಕ್ಕೆ ನಾನಂತೂ ಪೈಪೋಟಿಗೆ ಬರಲ್ಲ, ನೀವೇ ಇಟ್ಟುಕೊಳ್ಳಿ. ಟೈಮ್ ಮಾತ್ರ ಸರಿಯಾಗಿ ಪಾಲಿಸಿ ಮಾರಾಯ್ರೇ.

ಪರ್ಮಿಟ್ ಗುರು:
ಲಗೇಜ್ ದುಡ್ಡು ತಗೊಳ್ಳೋದಾದರೆ ಪರ್ಮಿಟ್ ಹಿಂದಿನ ಷರತ್ತು ಒಂದು ಸಲ ಓದಿಕೋ. ರಸೀದಿ ಕೊಡು. ಮೂಟೆಗಟ್ಟಲೆ ಮೆಣಸಿನಕಾಯಿ ಟಾಪ್ ಮೇಲೆ ಹಾಕೋಕೆ ಹೋಗಬೇಡ, ಕ್ಯಾರಿಯರ್ ಬೇರೆ ಲೋಡು ಬೇರೆ.

ಎರಡು ಗಾಡಿ ಮನೆ:
ಎಲ್ಲರಿಗೂ. ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಕಾಗದ ಕೊಟ್ಟೆ, ಇಪ್ಪತ್ತೈದನೇ ದಿನಕ್ಕೆ. ಮೊದಲ ದಿನ ಹೋದಾಗ ಅಮ್ಮನ ಸಹಿ ಬೇಕು ಅಂದರು, ಎರಡನೇ ದಿನ ಸಂಬಂಧಪಟ್ಟವರು ರಜೆ, ಆಮೇಲೆ ಶನಿವಾರ, ಭಾನುವಾರ. ಕೊನೆಗೆ ಸೀಲ್ ಬಿತ್ತು. ಅಮ್ಮನ ಹೆಸರಿಗೇ ಮಾಡಿಸುತ್ತಿದ್ದೇವೆ. ಚಿಕ್ಕಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು, "ಮಾರೋಕೆ ಅನುಕೂಲ ಆಗುತ್ತೆ ಅಂತ ಹಾಕುತ್ತಿದ್ದೇನೆ, ಗೊತ್ತಿರಲಿ" ಅಂತ ಎರಡು ಸಲ ಹೇಳಿ ಹಾಕಿದರು. ಮದುವೆ ಗಾಡಿ ಶಿಫ್ಟ್‌ಗೆ ಬಿಡೋ ಮಾತು ನಡೆದಿದೆ, ರೇಟ್ ಕುದುರಿಲ್ಲ.

ಸ್ಪಾನರ್ ಅಣ್ಣಾ, ಹಿಂದಿನ ಎಡಗಡೆ ಹಬ್ ಮುಟ್ಟೋಕೆ ಆಗದಷ್ಟು ಕಾದಿತ್ತು. ಬಿಚ್ಚಿಸಿದೆ. ಈಗ ನಾಲ್ಕೂ ಮುಕ್ಕಾಲು ಬರುತ್ತಿದೆ.

ಕ್ಯಾರಿಯರ್ ಎಣಿಸಿದೆ. ಐವತ್ಮೂರು. ಕುರುಗೋಡು ದೊಡ್ಡಬಸವೇಶ್ವರ ಗುಡಿ ದಾಟೋ ಹೊತ್ತಿಗೇ ಮೂವತ್ತು ದಾಟಿತ್ತು. ತಿಂಗಳಿಗೆ ಮುನ್ನೂರು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ, ಕ್ಲೀನರ್ ಹುಡುಗನೇ ಕೇಳಿದ. ನಲವತ್ತೊಂದು ಮನೆಯವರು ಹೂಂ ಅಂದಿದ್ದಾರೆ. ಒಬ್ಬ ಅಜ್ಜಿ ಮಾತ್ರ "ನಿಮ್ಮಪ್ಪ ಇದ್ದಿದ್ರೆ ಕೇಳ್ತಿದ್ದಿಲ್ಲಪ್ಪ" ಅಂದರು, ಅಂದು ಐನೂರು ಕೊಟ್ಟರು, ಚಿಲ್ಲರೆ ವಾಪಸ್ ತಗೊಳ್ಳಲಿಲ್ಲ. ಇನ್ನೂ ಲಾಸಲ್ಲೇ ಇದ್ದೇವೆ, ಆದರೆ ಕೈಗೆ ಸಿಗುವಷ್ಟು ಲಾಸು. ಮಾರ್ಚ್ ತನಕ ಓಡಿಸಿ ನೋಡೋಣ ಅಂತ ಚಿಕ್ಕಪ್ಪನ ಹತ್ತಿರ ಮಾತಾಗಿದೆ.

ಜೀನ್ಸ್ ಊರು:
ಐವತ್ಮೂರಾ! ನಾನು ಇಪ್ಪತ್ತು ಅಂದುಕೊಂಡಿದ್ದೆ. ಆದರೂ ಮಾರ್ಚ್‌ಗೆ ಪುಸ್ತಕ ತೆಗೆದು ನೋಡಿ, ಮನಸ್ಸು ಕೊಟ್ಟು ಕೂರಬೇಡಿ.

ಎರಡು ಗಾಡಿ ಮನೆ:
ಖಂಡಿತ. ಇನ್ನೊಂದು ಮಾತು. ಬಳ್ಳಾರಿ ಏಜೆಂಟ್ ಅಂಗಡಿ ಅಟ್ಟದ ಮೇಲೆ ಯಾರೂ ತಗೊಂಡು ಹೋಗದ ಕ್ಯಾರಿಯರ್ ಹನ್ನೊಂದು ಸಿಕ್ಕಿವೆ, ಎಷ್ಟು ವರ್ಷದ್ದೋ. ಅಪ್ಪ ಒಂದನ್ನೂ ಬಿಸಾಕಲು ಬಿಟ್ಟಿಲ್ಲ. ಒಂದರ ಹಿಡಿಕೆಗೆ ಹಸಿರು ನೇಲ್ ಪಾಲಿಶ್, ಮೂರು ಡಬ್ಬಿ, ಕೆಳಗಿನದು ನೆಗ್ಗಿದೆ.

ಎಮ್ಮಿಗನೂರು ಅಕ್ಕ:
ಅಯ್ಯೋ, ನೆಗ್ಗಿದ್ದು ಸ್ಟ್ಯಾಂಡ್ ಮೆಟ್ಟಿಲ ಮೇಲೆ ಬಿದ್ದು! ಅದು ನಂದೇ ಇರಬೇಕು!

ಎರಡು ಗಾಡಿ ಮನೆ:
ಮುಚ್ಚಳದ ಒಳಗೆ ಹೆಸರು ಕೆತ್ತಿಸಿದ್ದಾರೆ. ಯಾರ ಹೆಸರು ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿ ಅಕ್ಕಾ. ಸರಿ ಇದ್ದರೆ ಸಂಜೆ ಬಸ್ಸಿಗೆ ಕಳಿಸುತ್ತೇನೆ, ಸ್ಟಾಪಿನಲ್ಲಿ ನಿಂತಿರಿ.